ಝಡ್-200 ಸಿ ಪ್ಲಸ್ ಲಿಬ್ಸ್ ಗನ್: ಕಾರ್ಬನ್ ರೀಡಿಂಗನ್ನು ಎಷ್ಟು ನಂಬಬಹುದು?

316 ಮತ್ತು 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣದು. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ (ಎಕ್ಸ್-ರೇಯಿಂದ ಲೋಹ ಗುರುತಿಸುವ) ಗನ್ನಿಗೂ ಕಾಣದು, ಏಕೆಂದರೆ ಕಾರ್ಬನ್ ಅಳೆಯುವುದು ಅದರಿಂದ ಆಗದ ಕೆಲಸ. 316ರಲ್ಲಿ ಕಾರ್ಬನ್ ಗರಿಷ್ಠ 0.08%, 316ಎಲ್‌ನಲ್ಲಿ 0.03%. ವೆಲ್ಡಿಂಗ್ ಆದ ಮೇಲೆ ತುಕ್ಕು ಹಿಡಿಯುತ್ತದೋ ಇಲ್ಲವೋ ಎನ್ನುವುದು ಬಹುಪಾಲು ಈ ಅಂತರದ ಮೇಲೆ ನಿಂತಿದೆ. ಸೈಆಪ್ಸ್ ಕಂಪನಿಯ ಝಡ್-200 ಸಿ ಪ್ಲಸ್ ಇದಕ್ಕೆಂದೇ ಬಂದ ಲಿಬ್ಸ್ ಗನ್, ಅಂದರೆ ಲೇಸರ್ ಕಿಡಿಯ ಬೆಳಕು ನೋಡಿ ಲೋಹದಲ್ಲಿ ಏನೆಷ್ಟಿದೆ ಎಂದು ಹೇಳುವ ಸಾಧನ. ಪೈಪನ್ನು ಕತ್ತರಿಸದೆ, ನಿಂತ ಜಾಗದಲ್ಲೇ ಎಲ್ (ಕಡಿಮೆ ಕಾರ್ಬನ್) ಗ್ರೇಡ್ ಬೇರ್ಪಡಿಸುತ್ತದೆ. ಪೈಪುಗಳ ಲೋಹ ಪರಿಶೀಲನೆಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಟ್ಟ ಮಾರ್ಗಸೂಚಿ ಆರ್‌ಪಿ 578ರ 2018ರ ಮೂರನೇ ಆವೃತ್ತಿಯೂ ಈ ವಿಧಾನವನ್ನು ಒಪ್ಪಿದೆ.

ಒಳಗಿನ 1064 ನ್ಯಾನೊಮೀಟರ್ ಲೇಸರ್ ಸೆಕೆಂಡಿಗೆ 50 ಸಲ, ಪ್ರತಿ ಸಲ 5ರಿಂದ 6 ಮಿಲಿಜೂಲ್, ಲೋಹದ ಮೇಲೆ ಬಡಿಯುತ್ತದೆ. ಹೊಮ್ಮಿದ ಪ್ಲಾಸ್ಮಾದ ಬೆಳಕಿನಲ್ಲಿ ಕಾರ್ಬನ್ನಿನ 193.09 ನ್ಯಾನೊಮೀಟರ್ ಗೆರೆಯನ್ನು ಕಬ್ಬಿಣದ ಗೆರೆಯ ಜೊತೆ ತೂಗಿ ಶೇಕಡಾವಾರು ತೆಗೆಯುತ್ತಾರೆ. 247.86ರಲ್ಲಿ ಕಾರ್ಬನ್ನಿಗೆ ಇನ್ನೂ ಒಂದು ಗೆರೆ ಇದೆ, ಆದರೆ ಉಕ್ಕಿನಲ್ಲಿ ಕಬ್ಬಿಣ ಅದನ್ನು ಮುಚ್ಚಿಬಿಡುತ್ತದೆ. 193ರ ಬೆಳಕನ್ನು ಗಾಳಿಯ ಆಮ್ಲಜನಕ ಹೀರುತ್ತದೆ. ಹಿಡಿಯೊಳಗಿನ ಪುಟ್ಟ ಆರ್ಗಾನ್ ಡಬ್ಬಿ ಇರುವುದು ಅದಕ್ಕೇ. ಆರ್ಗಾನಿನಲ್ಲಿ ಪ್ಲಾಸ್ಮಾ ಹೆಚ್ಚು ಪ್ರಕಾಶವಾಗಿ, ಹೆಚ್ಚು ಹೊತ್ತು ಉರಿಯುತ್ತದೆ ಕೂಡ.

ರೀಡಿಂಗ್ ಕೆಡುವುದು ಹೆಚ್ಚಾಗಿ ಟೆಸ್ಟಿಗೆ ಮುನ್ನ ಮೇಲ್ಮೈ ಉಜ್ಜುವ ಗ್ರೈಂಡಿಂಗಿನಲ್ಲಿ. ಸಿಲಿಕಾನ್ ಕಾರ್ಬೈಡ್ ಡಿಸ್ಕ್ ಮುಟ್ಟಲೇಬೇಡಿ, ಅದು ತನ್ನ ಕಾರ್ಬನ್ನನ್ನೇ ಲೋಹಕ್ಕೆ ಮೆತ್ತುತ್ತದೆ. 50–60 ಗ್ರಿಟ್ಟಿನ ಝಿರ್ಕೋನಿಯಾ ಅಲ್ಯೂಮಿನಾ ಅಥವಾ ಸೆರಾಮಿಕ್ ಡಿಸ್ಕ್ ಬೇಕು. ಕಾರ್ಬನ್ ಸ್ಟೀಲಿಗೆ ಬಳಸಿದ ಡಿಸ್ಕನ್ನು ಸ್ಟೇನ್‌ಲೆಸ್‌ಗೆ ತರಬಾರದು. ಉಜ್ಜಿದ ಜಾಗವನ್ನು ಬೆರಳಿನಿಂದ ಸವರಿದರೂ ಸಾಕು, ಎಲ್ ಗ್ರೇಡ್ ಫೇಲ್ ಆಗಿ ಕಾಣುತ್ತದೆ. ಉಜ್ಜಿದ ಕೂಡಲೇ ಟೆಸ್ಟ್ ಮಾಡಿ. ಸಣ್ಣ ವ್ಯಾಸದ ಪೈಪಿನ ಮೇಲೆ ಮೂತಿ ಸರಿಯಾಗಿ ಕೂರದೆ ಸಂದಿಯಿಂದ ಆರ್ಗಾನ್ ಸೋರುತ್ತದೆ. ಅಲ್ಲಿ ಗೋಡೆ ದಪ್ಪಕ್ಕೆ ಧಕ್ಕೆಯಾಗದಷ್ಟು ಚಪ್ಪಟೆ ಮಾಡಿಕೊಳ್ಳಬೇಕು.

ಕೆಲಸ ಶುರುವಿಗೆ ಮುನ್ನ, ಬಿಸಿಲೇರಿದ ಮೇಲೆ ಮತ್ತೊಮ್ಮೆ, ಕಾರ್ಬನ್ ಎಷ್ಟೆಂದು ಪ್ರಮಾಣಪತ್ರವಿರುವ 316ಎಲ್ ತುಂಡಿನ ಮೇಲೆ ಪರೀಕ್ಷಿಸಿ ನೋಡಿ. ಒಂದು ಬರ್ನಿನ (ಲೇಸರ್ ಸುಟ್ಟ ಒಂದು ಗುರುತಿನ ರೀಡಿಂಗ್) ಮೇಲೆ ತೀರ್ಮಾನ ಬೇಡ. ಜಾಗ ಸ್ವಲ್ಪ ಸರಿಸಿ ಕನಿಷ್ಠ ಮೂರು ತೆಗೆದು ಸರಾಸರಿ ಹಿಡಿಯಿರಿ. ಒಂದು ಮಾತ್ರ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಮತ್ತೆ ಉಜ್ಜಿರಿ; ಆ ರೀಡಿಂಗನ್ನು ಅಳಿಸಿ ಮುಂದೆ ಹೋಗಬೇಡಿ. ಸರಾಸರಿ 0.025ರಿಂದ 0.035ರ ನಡುವೆ ಬಂದರೆ ನನ್ನ ಸಲಹೆ ಒಂದೇ: ತುಂಡು ತೆಗೆದು, ಲೋಹ ಸುಟ್ಟು ಕಾರ್ಬನ್ ಅಳೆಯುವ ದಹನ ವಿಧಾನದ ಲ್ಯಾಬಿಗೆ ಕಳಿಸಿ.

ಕಾರ್ಬನ್ ಸ್ಟೀಲಿನಲ್ಲಿ ಕಾರ್ಬನ್ ಇಕ್ವಿವಲೆಂಟ್ (ವೆಲ್ಡಿಂಗ್ ಎಷ್ಟು ಸುಲಭ ಎಂದು ಹೇಳುವ ಅಂಕಿ) ಲೆಕ್ಕಕ್ಕೂ ಗನ್ ಚೆನ್ನಾಗಿ ಒದಗುತ್ತದೆ. ಕಾರ್ಬನ್ 0.22, ಮ್ಯಾಂಗನೀಸ್ 0.90 ಇದ್ದರೆ 0.22ಕ್ಕೆ 0.90ರ ಆರನೇ ಒಂದು ಭಾಗ ಸೇರಿ 0.37, ಕ್ರೋಮಿಯಂ, ನಿಕಲ್ ಮೊದಲಾದವು ಅದರ ಮೇಲೆ. ಮ್ಯಾಂಗನೀಸಿನ ತಪ್ಪು ಆರರಿಂದ ಭಾಗವಾಗಿ ಕರಗುತ್ತದೆ, ಕಾರ್ಬನ್ನಿನ 0.02 ತಪ್ಪು ಹಾಗೇ ಉಳಿಯುತ್ತದೆ. ಡಿಕಾರ್ಬ್ ಆದ, ಅಂದರೆ ಕಾರ್ಬನ್ ಕಳೆದುಕೊಂಡ, ಮೇಲ್ಪದರ ಪೂರ್ತಿ ಹೋಗುವವರೆಗೆ ಉಜ್ಜಬೇಕಾದದ್ದು ಇದಕ್ಕೇ.

ಗಂಧಕ, ರಂಜಕ ಅಳೆಯಬೇಕಾದವರು ಇದನ್ನು ಕೊಳ್ಳಬೇಡಿ. ಬೆಳಗಾವಿಯ ಫೌಂಡ್ರಿಗಳವರೂ ಗಮನಿಸಿ: ಬೂದು ಎರಕದ ಕಬ್ಬಿಣದಲ್ಲಿ ಕಾರ್ಬನ್ ಗ್ರಾಫೈಟ್ ಚಕ್ಕೆಗಳಾಗಿ ಕೂತಿರುತ್ತದೆ, ಕಿಡಿ ಚಕ್ಕೆಯ ಮೇಲೆ ಬಿದ್ದರೆ ಒಂದು ರೀಡಿಂಗ್, ಪಕ್ಕಕ್ಕೆ ಬಿದ್ದರೆ ಇನ್ನೊಂದು. ಅದಕ್ಕೆ ಗ್ರಾಫೈಟ್ ಕಟ್ಟದಂತೆ ತಾಮ್ರದ ಅಚ್ಚಿನಲ್ಲಿ ಥಟ್ಟನೆ ತಣಿಸಿದ ಬಿಳಿ ಸ್ಯಾಂಪಲ್ಲೇ ಬೇಕು.