ಆ ಕೆಂಪು ಅಕ್ಷರಗಳ ಬಾಯಿ ಮುಚ್ಚಿಸಬೇಡಿ

ಮನೆಯಲ್ಲೇ ಡ್ರೋನ್ ಜೋಡಿಸುತ್ತಿರುವವರು, ಅದರಲ್ಲೂ ಡ್ರೋನ್ ಹಾರಿಸುವ ಮುಕ್ತ ತಂತ್ರಾಂಶ ಆರ್ಡುಪೈಲಟ್ ಹಾಕಿಕೊಂಡವರು, ಮುಂದಿನ ಸಲ ಬ್ಯಾಟರಿ ಸಿಕ್ಕಿಸುವ ಮುನ್ನ ಇದನ್ನು ಓದಿ. ಕಳೆದ ಎಳ್ಳ ಅಮಾವಾಸ್ಯೆಯ ದಿನ ನನ್ನ ಡ್ರೋನ್ ನಮ್ಮ ವೈನಿಯವರ ಕೈ ಸೀಳಿತು. ಐದು ಹೊಲಿಗೆ ಬಿದ್ದವು. ತಪ್ಪು ತಂತ್ರಾಂಶದ್ದಲ್ಲ, ಪೂರ್ತಿ ನನ್ನದು. ಆ ತಪ್ಪನ್ನೇ ಉಪಾಯವೆಂದು ಹೇಳಿಕೊಡುವ ವಿಡಿಯೊ ನೋಡಿ ನಾನು ಕೆಟ್ಟೆ. ನೀವು ಕೆಡಬಾರದು.

450 ಮಿಲಿಮೀಟರ್ ಫ್ರೇಮ್, ಹತ್ತು ಇಂಚಿನ ಪ್ರೊಪೆಲರ್, ಹಾರಾಟ ನಿಯಂತ್ರಿಸುವ ಪಿಕ್ಸ್‌ಹಾಕ್ ಬೋರ್ಡ್, ಮೇಲೊಂದು ಜಿಪಿಎಸ್. ಎಲ್ಲ ಸೇರಿ 1.4 ಕಿಲೋ. ಬೋರ್ಡಿನೊಳಗೊಂದು ಕಂಪಾಸ್ ಇದೆ, ಜಿಪಿಎಸ್ ಡಬ್ಬಿಯಲ್ಲಿ ಇನ್ನೊಂದಿದೆ. ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತು, ಡ್ರೋನನ್ನು ಆರೂ ಮಗ್ಗುಲಿಗೆ ತಿರುಗಿಸಿ ಕಂಪಾಸ್ ಕ್ಯಾಲಿಬ್ರೇಷನ್, ಅಂದರೆ ದಿಕ್ಕು ಸರಿಯಾಗಿ ತೋರುವಂತೆ ಹೊಂದಿಸುವ ಕೆಲಸ, ಮಾಡಿದೆ. ಕಾಲಡಿಯ ಸ್ಲ್ಯಾಬಿನ ತುಂಬ ಕಬ್ಬಿಣದ ಸರಳು ಇರುವುದು ನೆನಪಾಗಲಿಲ್ಲ. ಹಳೆಯ ಮನೆಯ ಶಹಾಬಾದ್ ಕಲ್ಲಿನ ಅಂಗಳದಲ್ಲಿ ನಿಂತಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ಜೊತೆಗೆ, ನೋಡಲು ಚೊಕ್ಕಟವಾಗಿರಲಿ ಎಂದು ಬ್ಯಾಟರಿಯ ದಪ್ಪ ತಂತಿಯನ್ನು ಜಿಪಿಎಸ್ ಬುಡಕ್ಕೇ ಬಿಗಿದು ಕಟ್ಟಿದ್ದೆ.

ಮೋಟಾರ್ ತಿರುಗಲೇ ಇಲ್ಲ. ಡ್ರೋನ್ ಹೊಂದಿಸಲು ಕಂಪ್ಯೂಟರಿನಲ್ಲಿ ಬಳಸುವ ಮಿಷನ್ ಪ್ಲಾನರ್ ತಂತ್ರಾಂಶದ ಪರದೆಯ ಮೇಲೆ ಕೆಂಪು ಅಕ್ಷರ: ‘ಪ್ರಿಆರ್ಮ್: ಕಂಪಾಸಸ್ ಇನ್‌ಕನ್ಸಿಸ್ಟೆಂಟ್’. ಎರಡು ಕಂಪಾಸ್‌ಗಳು ಎರಡು ದಿಕ್ಕು ಹೇಳುತ್ತಿವೆ, ಹಾರಿಸಬೇಡ ಎಂದರ್ಥ. ಮೂರು ಸಂಜೆ ಒದ್ದಾಡಿದೆ. ಕೊನೆಗೆ ಒಂದು ವಿಡಿಯೊದಲ್ಲಿ ಹೇಳಿದಂತೆ ‘ಆರ್ಮಿಂಗ್ ಚೆಕ್’ ಎಂಬ ಪ್ಯಾರಾಮೀಟರನ್ನು 1ರಿಂದ 0 ಮಾಡಿದೆ, ಅಂದರೆ ಹಾರುವ ಮುನ್ನ ನಡೆಯುವ ತಪಾಸಣೆಯನ್ನೇ ನಿಲ್ಲಿಸಿದೆ. ಸಂದೇಶ ಮಾಯವಾಯಿತು, ಮೋಟಾರ್ ತಿರುಗಿತು, ನನಗೆ ಸಂತೋಷವಾಯಿತು. ದೋಷವೇನೂ ಹೋಗಿರಲಿಲ್ಲ.

ಅಂಗಡಿಯ ಸಿದ್ಧ ಡ್ರೋನ್ ಸಾಮಾನ್ಯವಾಗಿ ಇದಕ್ಕೆ ಅವಕಾಶ ಕೊಡುವುದಿಲ್ಲ. ಮುಕ್ತ ತಂತ್ರಾಂಶ ಕೊಡುತ್ತದೆ; ಎಲ್ಲ ಕೀಲಿಗಳನ್ನೂ ನಮ್ಮ ಕೈಗೇ ಇಡುತ್ತದೆ. ಆ ನಂಬಿಕೆಯ ಮೇಲೆ ನನಗೆ ಈಗಲೂ ಪ್ರೀತಿಯಿದೆ. ಆದರೆ ಕಾವಲುಗಾರನನ್ನು ಮನೆಗೆ ಕಳಿಸುವ ಕೀಲಿಯೂ ಆ ಗೊಂಚಲಿನಲ್ಲೇ ಇರುತ್ತದೆ.

ಜೇವರ್ಗಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಅಂದು ಮನೆಮಂದಿಯೆಲ್ಲ ಇದ್ದರು. ಅಪ್ಪ ಚರಗ ಚೆಲ್ಲುವುದನ್ನು ಮೇಲಿನಿಂದ ಚಿತ್ರಿಸಬೇಕೆಂಬುದು ನನ್ನ ಆಸೆ. ಏರಿಸಿ ಲಾಯ್ಟರ್ ಮೋಡ್‌ಗೆ ಹಾಕಿದೆ. ರಿಮೋಟ್‌ನ ಕೋಲು ಬಿಟ್ಟರೆ ಇದ್ದಲ್ಲೇ ನಿಲ್ಲಬೇಕಾದದ್ದು ಸಣ್ಣಗೆ ಸುತ್ತತೊಡಗಿತು. “ಕಾಕಾ, ಇದು ಗಾಣದ ಎತ್ತಿನ ಹಾಗೆ ತಿರುಗುತ್ತಿದೆ” ಎಂದು ಅಣ್ಣನ ಮಗ ಚಪ್ಪಾಳೆ ತಟ್ಟಿದ. ಪ್ರತಿ ಸುತ್ತಿಗೂ ವೃತ್ತ ಹಿಗ್ಗಿತು, ವೇಗ ಹೆಚ್ಚಿತು. ಗಾಬರಿಯಲ್ಲಿ ಆರ್‌ಟಿಎಲ್ (ರಿಟರ್ನ್ ಟು ಲಾಂಚ್) ಒತ್ತಿದೆ, ತಾನಾಗಿ ಮರಳಿ ಬರಲೆಂದು. ಎರಡನೆಯ ದೊಡ್ಡ ತಪ್ಪು ಇದೇ. ಮರಳಿ ಬರಲೂ ಅದಕ್ಕೆ ದಿಕ್ಕು ಬೇಕು, ದಿಕ್ಕೇ ಸುಳ್ಳಾಗಿತ್ತು. 15 ಮೀಟರ್‌ವರೆಗೆ ಏರಿ, ಓರೆಯಾಗಿ ನುಗ್ಗಿ, ನಮ್ಮವರು ಸಜ್ಜೆ ರೊಟ್ಟಿ, ಭಜ್ಜಿ ಬಿಚ್ಚಿಕೊಂಡು ಕುಳಿತಿದ್ದ ಬೇವಿನ ಮರದ ಕೊಂಬೆಗೆ ಬಡಿದು ಕೆಳಗೆ ಬಿತ್ತು. ಬಿದ್ದ ಮೇಲೂ ಎರಡು ಪ್ರೊಪೆಲರ್ ತಿರುಗುತ್ತಲೇ ಇದ್ದವು. ಪಕ್ಕದಲ್ಲಿದ್ದ ಮಗುವನ್ನು ಉಳಿಸಲು ವೈನಿ ಕೈಯಿಂದ ಅದನ್ನು ನೂಕಿದರು. ರೊಟ್ಟಿಯ ಬಿಳಿ ಬಟ್ಟೆಯಿಂದಲೇ ಗಾಯ ಸುತ್ತಿ ಆಸ್ಪತ್ರೆಗೆ ಕರೆದೊಯ್ದೆವು.

ಆಮೇಲೆ ಲಾಗ್, ಅಂದರೆ ಡ್ರೋನಿನೊಳಗೆ ದಾಖಲಾದ ಹಾರಾಟದ ವಿವರ, ತೆಗೆದು ನೋಡಿದೆ. ಥ್ರಾಟಲ್ (ಮೋಟಾರಿಗೆ ಕೊಡುವ ಬಲ) ರೇಖೆ ಏರಿದಾಗಲೆಲ್ಲ ಕಾಂತಕ್ಷೇತ್ರದ ರೇಖೆಯೂ ಏರಿತ್ತು, ಇಳಿದಾಗ ಇಳಿದಿತ್ತು. ಮೊದಲೇ ಕೆಟ್ಟಿದ್ದ ಕ್ಯಾಲಿಬ್ರೇಷನ್ ಮೇಲೆ ತಂತಿಯ ಕಾಟವೂ ಸೇರಿತ್ತು. ತಂತಿಯಲ್ಲಿ ಕರೆಂಟ್ ಹೆಚ್ಚಾದಷ್ಟೂ ಅದರ ಸುತ್ತಲಿನ ಕಾಂತಕ್ಷೇತ್ರ ಬಲವಾಗುತ್ತದೆ. ಹಾಗಾಗಿ ನೆಲದ ಮೇಲೆ ಸುಮ್ಮನೆ ಇಟ್ಟು ನೋಡಿದರೆ ಈ ದೋಷ ಕಾಣುವುದೇ ಇಲ್ಲ. ಇದನ್ನು ಅಳೆಯಲು ಆರ್ಡುಪೈಲಟ್‌ನಲ್ಲಿ ‘ಕಂಪಾಸ್‌ಮಾಟ್’ ಎಂಬ ಪರೀಕ್ಷೆಯಿದೆ. ಅದರ ಕ್ರಮವನ್ನು ಓದಿಕೊಂಡು, ಡ್ರೋನನ್ನು ನೆಲಕ್ಕೆ ಭದ್ರವಾಗಿ ಬಿಗಿದೇ ಮಾಡಬೇಕು. ಫಲ, ಅಂದರೆ ಕಂಪಾಸಿಗೆ ತಟ್ಟುವ ಕಾಟದ ಪ್ರಮಾಣ, ಶೇ 30ರೊಳಗಿದ್ದರೆ ಸರಿ, 60 ದಾಟಿದರೆ ಕಂಪಾಸಿನ ಜಾಗವನ್ನೇ ಬದಲಿಸಬೇಕು. ರಿಪೇರಿಯ ನಂತರ, ತಂತಿಯನ್ನು ಬೇಕೆಂದೇ ಹಳೆಯ ಜಾಗಕ್ಕೆ ಕಟ್ಟಿ ಪರೀಕ್ಷಿಸಿದಾಗ 74 ಬಂತು. ಜಿಪಿಎಸ್ಸನ್ನು ಕಂಬದ ಮೇಲೆ ಎತ್ತರಿಸಿ, ಪ್ಲಸ್ ಮೈನಸ್ ತಂತಿಗಳನ್ನು ಒಂದಕ್ಕೊಂದು ಹೆಣೆದು ದೂರ ಸರಿಸಿದ ಮೇಲೆ 18ಕ್ಕೆ ಇಳಿಯಿತು. ಕ್ಯಾಲಿಬ್ರೇಷನ್ ಈಗ ಬಯಲು ಹೊಲದಲ್ಲಿ, ಬೈಕ್ ದೂರ ನಿಲ್ಲಿಸಿ, ಮೊಬೈಲ್ ಕಿಸೆಯಿಂದ ತೆಗೆದಿಟ್ಟು ಮಾಡುತ್ತೇನೆ.

ಇನ್ನೊಂದು ಮಾತು. 2021ರ ಡ್ರೋನ್ ನಿಯಮಗಳಲ್ಲಿ ನ್ಯಾನೋ, ಅಂದರೆ ಅತಿ ಚಿಕ್ಕ ವರ್ಗ, ಎಂದರೆ 250 ಗ್ರಾಂವರೆಗೆ ಮಾತ್ರ. ನಾವು ಜೋಡಿಸುವ ಇಂಥವು ಅದನ್ನು ಎಂದೋ ದಾಟಿರುತ್ತವೆ. ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣವಿದೆ, ಬೀದರ್‌ನಲ್ಲಿ ವಾಯುಪಡೆಯ ನೆಲೆಯಿದೆ. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಎಲ್ಲಿಯೂ ಏರಿಸಬೇಡಿ. ಜನ ಕುಳಿತಿರುವ ಹೊಲದ ಮೇಲಂತೂ, ನಕ್ಷೆ ಹಸಿರಿದ್ದರೂ, ಬೇಡವೇ ಬೇಡ.

ಸುತ್ತು ಶುರುವಾದ ಕ್ಷಣವೇ ನಾನು ಸ್ಟೆಬಿಲೈಸ್ ಮೋಡ್‌ಗೆ ಬರಬೇಕಿತ್ತು. ಅದು ಜಿಪಿಎಸ್ಸನ್ನೂ ಕಂಪಾಸಿನ ದಿಕ್ಕನ್ನೂ ನೆಚ್ಚಿಕೊಳ್ಳದೆ ಡ್ರೋನನ್ನು ಸಮತಟ್ಟಾಗಿ ಹಿಡಿಯುತ್ತದೆ. ಉಳಿದದ್ದು ನಮ್ಮ ಕೈ. ಆ ಕೈಯನ್ನು ಮೊದಲು ಪಳಗಿಸಿಕೊಳ್ಳದೆ ನಾನು ನೇರ ಲಾಯ್ಟರ್‌ಗೆ ಹೋಗಿದ್ದೆ. ಈಗ ದಿನವೂ ಸಿಮ್ಯುಲೇಟರ್‌ನಲ್ಲಿ ಅರ್ಧ ಗಂಟೆ ಬರೀ ಸ್ಟೆಬಿಲೈಸ್ ಹಾರಿಸುತ್ತೇನೆ. ರಿಮೋಟ್‌ನ ಒಂದು ಸ್ವಿಚ್ಚಿಗೆ ಆ ಮೋಡ್, ಇನ್ನೊಂದಕ್ಕೆ ಮೋಟಾರ್ ತುರ್ತು ನಿಲುಗಡೆ ಕೊಟ್ಟಿದ್ದೇನೆ. ಎರಡಕ್ಕೂ ಕೆಂಪು ಉಗುರುಬಣ್ಣ ಹಚ್ಚಿದ್ದೇನೆ. ಬಣ್ಣದ ಸೀಸೆಯನ್ನು ಕೊಟ್ಟವರು ವೈನಿಯೇ.