ಬಾಡಿಗೆ ಸೈಕಲ್‌ನಲ್ಲಿ ಸಕ್ರೆಬೈಲಿನವರೆಗೆ: ಸೈಕಲ್‌ಗೆ 3 ಸ್ಟಾರ್, ದಾರಿಗೆ 5

ಹೋದ ಭಾನುವಾರ ನಾನು ನಮ್ಮ ಭಾವ ಇಬ್ರೂ ಶಿವಮೊಗ್ಗದಲ್ಲಿ ಒಂದ್ಕಡೆ ಗೇರ್ ಸೈಕಲ್ ಬಾಡಿಗೆಗೆ ತಗೊಂಡ್ವಿ, ಅಂಗಡಿ ಹೆಸರು ಬೇಡ ಬಿಡಿ. ರೇಸು ಗೀಸು ಏನಿಲ್ಲ, ಆರಾಮಾಗಿ ತುಳ್ಕೊಂಡು ತೀರ್ಥಹಳ್ಳಿ ರೋಡಲ್ಲಿ ಗಾಜನೂರು ಡ್ಯಾಮ್ ಕಡೆಯಿಂದ ಸಕ್ರೆಬೈಲು ಆನೆ ಬಿಡಾರಕ್ಕೆ, ಹೆಚ್ಚುಕಮ್ಮಿ 14 ಕಿಲೋಮೀಟರ್, ದೊಡ್ಡ ಏರು ಯಾವ್ದೂ ಇಲ್ಲ.

ಸೈಕಲ್ ದಪ್ಪ ಟೈರಿಂದು, ಮುಂದೆ ಸಸ್ಪೆನ್ಷನ್ ಇದೆ, ಸೀಟೂ ಪರವಾಗಿಲ್ಲ. ಆದ್ರೆ ಟೈರಿಗೆ ಗಾಳಿ ಕಲ್ಲಿನ ಥರ ತುಂಬ್ಸಿದ್ರು, ಅಡಿಕೆ ತೋಟದ ಪಕ್ಕದ ಮಣ್ಣು ದಾರಿಗೆ ಇಳಿದಿದ್ದೇ ತಡ ಜಾರೋಕೆ ಶುರು, ಸ್ವಲ್ಪ ಗಾಳಿ ಬಿಟ್ಮೇಲೆ ಹಿಡಿತ ಬಂತು. ಹಿಂದಿನ ಬ್ರೇಕ್ ಅಂತೂ ಕಿರ್ ಅಂತ ಕಿರುಚೋದು ಬಿಟ್ರೆ ಹಿಡಿಯೋದೇ ಇಲ್ಲ! ವಾಪಸ್ ಕೊಡುವಾಗ ಹೇಳಿದ್ರೆ "ಮಳೆಗಾಲ ಅಲ್ವಾ ಸಾರ್" ಅಂದ್ರು. ಹೆಲ್ಮೆಟ್ ವಾಸನೆ ಬಗ್ಗೆ ಮಾತಾಡೋದೇ ಬೇಡ.

ದಾರಿ ಮಾತ್ರ ಸೂಪರ್, ಒಂದು ಬದಿ ತುಂಗೆ ಒಂದು ಬದಿ ಕಾಡು. ಬೆಳಿಗ್ಗೆನೇ ಹೋಗಿ, ಆನೆಗಳು ನೀರಲ್ಲಿ ಮೈ ಉಜ್ಜಿಸ್ಕೊಳೋದು ಅವಾಗ್ಲೇ. ಆಸೆ ಬಿದ್ದು ಶೆಟ್ಟಿಹಳ್ಳಿ ಅಭಯಾರಣ್ಯದ ಒಳಗೆಲ್ಲ ಪರ್ಮಿಷನ್ ಇಲ್ದೆ ಸೈಕಲ್ ನುಗ್ಗಿಸ್ಬೇಡಿ, ಕಾಡಾನೆ ಎದುರು ಬಂದ್ರೆ ಗೇರ್ ಬದಲಾಯಿಸೋಕೂ ಟೈಮ್ ಸಿಗಲ್ಲ. ಮತ್ತೆ ಉಂಬಳ, ಅಂದ್ರೆ ರಕ್ತ ಹೀರೋ ಜಿಗಣೆ! ಭಾವ ಸಾಕ್ಸ್ ಬಿಚ್ಚಿದಾಗ ನಾಲ್ಕು ಇತ್ತು, ಕಾಲಿಗೆ ಉಪ್ಪು ಹೊಗೆಸೊಪ್ಪು ಹಚ್ಕೊಂಡು ಹೋಗಿ ಅಂತ ಅಕ್ಕ ಮೊದ್ಲೇ ಹೇಳಿದ್ಲು, ಕೇಳ್ಬೇಕಲ್ಲ.

ಇನ್ನೊಂದ್ಸಲ ಮಂಡಗದ್ದೆವರೆಗೂ ಹೋಗೋ ಪ್ಲಾನ್ ಇದೆ, ಆದ್ರೆ ಸೈಕಲ್ ಬೇರೆ ಕಡೆಯಿಂದ.