ಸೇರುವ ತಾರೀಖು ಇಲ್ಲದ ಪತ್ರ ನಂಬಿ ಟೈಪ್ ರೇಟಿಂಗ್‌ಗೆ ದುಡ್ಡು ಕಟ್ಟಬೇಡಿ

ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮ ಉತ್ತರ ಕನ್ನಡದ ಹುಡುಗ ಹುಡುಗಿಯರಿಗೆ, ಅದಕ್ಕಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಸಣ್ಣ ವಿಮಾನ ಕಂಪನಿಯೊಂದು ಷರತ್ತಿನ ಮೇಲೆ ಕೆಲಸದ ಪತ್ರ ಕೊಟ್ಟು, ಟೈಪ್ ರೇಟಿಂಗ್, ಅಂದರೆ ಅವರ ಮಾದರಿಯ ವಿಮಾನ ಹಾರಿಸುವ ತರಬೇತಿಯ ಖರ್ಚು ನೀವೇ ಹಾಕಿಕೊಳ್ಳಿ ಅಂದರೆ, ಆ ಪತ್ರದಲ್ಲಿ ಸೇರುವ ತಾರೀಖು ಇದೆಯಾ ನೋಡಿ. ಇಲ್ಲದಿದ್ದರೆ ದಯವಿಟ್ಟು ಒಂದು ರೂಪಾಯಿಯನ್ನೂ ಕಟ್ಟಬೇಡಿ. ನಮ್ಮ ಮನೆಯ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ದುಡ್ಡು ಅಂಥ ಪತ್ರದ ಹಿಂದೆ ಹೋಗಿದೆ. ಕೆಲಸ ಇನ್ನೂ ಸಿಕ್ಕಿಲ್ಲ.

ನಕಲಿ ಕಂಪನಿಯಾಗಿದ್ದರೆ ಸೀದಾ ಪೊಲೀಸ್ ಠಾಣೆಗೆ ಹೋಗಬಹುದಿತ್ತು. ಇಲ್ಲಿ ಕಂಪನಿ ನಿಜವಾದದ್ದೇ. ವಿಮಾನಗಳಿವೆ, ತರಬೇತಿ ನಿಜವಾದ ಸಿಮ್ಯುಲೇಟರ್‌ನಲ್ಲೇ ಆಯಿತು, ನನ್ನ ಲೈಸೆನ್ಸ್ ಮೇಲೆ ಎಟಿಆರ್ ಅನ್ನುವ ಸಣ್ಣ ಪ್ರಯಾಣಿಕ ವಿಮಾನ ಹಾರಿಸಬಹುದು ಅನ್ನುವ ಎಂಡೋರ್ಸ್‌ಮೆಂಟ್ ಕೂಡ ಬಿತ್ತು. ಅದಕ್ಕೇ ಇದನ್ನು ಮೊದಲೇ ಗುರುತು ಹಿಡಿಯುವುದು ಕಷ್ಟ.

ಗೊತ್ತಿಲ್ಲದ ಪಾಲಕರಿಗೆ ಸ್ವಲ್ಪ ಹೇಳುತ್ತೇನೆ. ಸಿಪಿಎಲ್ ಬೇಕಾದರೆ 200 ಗಂಟೆ ಹಾರಾಟ ಆಗಬೇಕು. ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್, ಟೆಕ್ನಿಕಲ್ ಅಂತ ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಪರೀಕ್ಷೆಗಳಲ್ಲಿ 70 ಪರ್ಸೆಂಟ್ ತೆಗೆಯಬೇಕು, ಕ್ಲಾಸ್ 1 ಮೆಡಿಕಲ್ ಪಾಸಾಗಬೇಕು. ಇಷ್ಟಕ್ಕೇ ಈಗ ಸಾಮಾನ್ಯವಾಗಿ ನಲವತ್ತು ಐವತ್ತು ಲಕ್ಷ ಮುಗಿಯುತ್ತದೆ. ಆದರೆ ಆ ಲೈಸೆನ್ಸ್ ಹಿಡಿದುಕೊಂಡು ಹೋಗಿ ಎಪ್ಪತ್ತು ಸೀಟಿನ ಎಟಿಆರ್ ಹಾರಿಸುವ ಹಾಗಿಲ್ಲ. ಪ್ರತಿ ಮಾದರಿಗೂ ಬೇರೆ ತರಬೇತಿ, ಅದೇ ಟೈಪ್ ರೇಟಿಂಗ್. ಎಟಿಆರ್‌ಗೆ ಮಾಡಿದ್ದು ಏರ್‌ಬಸ್‌ಗೆ ನಡೆಯುವುದಿಲ್ಲ. ಕೆಲವು ಕಡೆ ಕಂಪನಿಯೇ ಖರ್ಚು ಹಾಕಿ ಆಮೇಲೆ ಸಂಬಳದಲ್ಲಿ ಹಿಡಿಯುತ್ತದೆ, ಕೆಲವು ಕಡೆ ಅಭ್ಯರ್ಥಿಯೇ ಕಟ್ಟಬೇಕು. ಕಟ್ಟಿಸಿಕೊಳ್ಳುವವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಕಟ್ಟಿದ ಮೇಲೆ ಯಾವ ದಿನದಿಂದ ಕೆಲಸ ಅಂತ ಬರೆದು ಕೊಡದವರ ಬಗ್ಗೆ ಹೇಳುತ್ತಿದ್ದೇನೆ.

ನಮ್ಮ ಊರು ಶಿರಸಿ ಹತ್ತಿರ, ಅಡಿಕೆ ತೋಟದ ಮನೆ. ಸಿಪಿಎಲ್ ಆಗಿ ಸುಮಾರು ಸಮಯ ಮನೆಯಲ್ಲೇ ಇದ್ದೆ. ಆಗ ಪರಿಚಯದವರ ಮೂಲಕ ಒಬ್ಬ ಕನ್ಸಲ್ಟೆಂಟ್ ಸಿಕ್ಕಿದರು. ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಕೂರಿಸಿ ಅಪ್ಪಯ್ಯನಿಗೂ ನನಗೂ ಎಲ್ಲ ವಿವರಿಸಿದರು. ಉಡಾನ್ ಯೋಜನೆಯಲ್ಲಿ ಸಣ್ಣ ಸಣ್ಣ ಊರಿಗೆ ವಿಮಾನ ಬರುತ್ತಿದೆ, ನಿಮ್ಮ ಅಂಕೋಲಾದ ಅಲಗೇರಿಯಲ್ಲೇ ವಿಮಾನ ನಿಲ್ದಾಣಕ್ಕೆ ಜಾಗ ಮಾಡಿಕೊಂಡಿದ್ದಾರೆ, ಮಗ ಮನೆ ಹತ್ತಿರವೇ ಹಾರಿಸುತ್ತಾನೆ ಅಂದರು. ಅಪ್ಪಯ್ಯನ ಮುಖ ಅರಳಿದ್ದು ಆ ಮಾತಿಗೇ. ಅಲಗೇರಿಯ ಯೋಜನೆ ಸುಳ್ಳಲ್ಲ, ಅಲ್ಲಿಯವರು ಜಮೀನು ಬಿಟ್ಟುಕೊಟ್ಟ ನೋವು ನಮಗೆಲ್ಲ ಗೊತ್ತಿದೆ. ಆದರೆ ಆ ನಿಲ್ದಾಣಕ್ಕೂ ಈ ಕಂಪನಿಗೂ ನನ್ನ ಕೆಲಸಕ್ಕೂ ಯಾವ ಸಂಬಂಧವೂ ಇರಲಿಲ್ಲ. ಊರಿನ ಹೆಸರು ಹೇಳಿ ಹತ್ತಿರವಾಗುವ ಈ ರೀತಿಗೆ ಎಚ್ಚರವಾಗಿರಿ.

ಆಮೇಲೆ ಕಂಪನಿಯವರೇ ಲಿಖಿತ ಪರೀಕ್ಷೆ, ಇಂಟರ್‌ವ್ಯೂ ಎರಡನ್ನೂ ಮಾಡಿದರು. ಪತ್ರ ಬಂತು. ಲೆಟರ್‌ಹೆಡ್, ಸೀಲು, ಹುದ್ದೆಯ ಹೆಸರು ಟ್ರೈನಿ ಫಸ್ಟ್ ಆಫೀಸರ್. ಮೊದಲ ಪುಟ ಪೂರ್ತಿ ಅಭಿನಂದನೆ. ಮೂರನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಟೈಪ್ ರೇಟಿಂಗ್ ಯಶಸ್ವಿಯಾಗಿ ಮುಗಿಸಿದ ನಂತರ, ಕಂಪನಿಯ ಅಗತ್ಯ ಮತ್ತು ವಿಮಾನಗಳ ಲಭ್ಯತೆಗೆ ಒಳಪಟ್ಟು, ನೇಮಕಾತಿಯನ್ನು ಪರಿಗಣಿಸಲಾಗುವುದು. ನೇಮಿಸಿಕೊಳ್ಳುತ್ತೇವೆ ಅಂತ ಎಲ್ಲೂ ಇಲ್ಲ. ಎಷ್ಟು ದಿನದೊಳಗೆ ಅಂತ ಇಲ್ಲ. ಕೆಲಸ ಕೊಡದಿದ್ದರೆ ದುಡ್ಡು ವಾಪಸ್ ಅನ್ನುವ ಸಾಲೂ ಇಲ್ಲ. ಕೇಳಿದ್ದಕ್ಕೆ, ಅದು ಎಲ್ಲರಿಗೂ ಕೊಡುವ ಫಾರ್ಮ್ಯಾಟ್, ತಲೆ ಕೆಡಿಸಿಕೊಳ್ಳಬೇಡಿ ಅಂತ ಫೋನಿನಲ್ಲಿ ಹೇಳಿದರು. ಇಮೇಲ್‌ನಲ್ಲಿ ಬರೆದು ಕೊಡಿ ಅಂದಾಗ ಉತ್ತರ ಬರಲಿಲ್ಲ, ಸೀಟು ತುಂಬುತ್ತಿದೆ ಅನ್ನುವ ಫೋನ್ ಮಾತ್ರ ಬಂತು.

ದುಡ್ಡು ಹೊಂದಿಸಿದ ಕತೆ ನಮ್ಮ ಕಡೆಯ ಎಲ್ಲ ಮನೆಯಲ್ಲೂ ಒಂದೇ. ತೋಟವನ್ನು ಶಿಕ್ಷಣ ಸಾಲಕ್ಕೆ ಅಡವು ಇಟ್ಟುಕೊಳ್ಳಲು ಬ್ಯಾಂಕಿನವರು ಒಪ್ಪಲಿಲ್ಲ, ಶಿರಸಿ ಪೇಟೆಯಲ್ಲಿದ್ದ ಸೈಟಿನ ಕಾಗದ ಕೊಟ್ಟೆವು. ಸಾಲದ್ದಕ್ಕೆ ಸೊಸೈಟಿ ಸಾಲ, ಆಯಿಯ ಬಂಗಾರ.

ತರಬೇತಿಗೆ ಹೋಗುವ ಮುಂಚೆ ಬಾಂಡ್‌ಗೆ, ಅಂದರೆ ಕಂಪನಿ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ ಅನ್ನುವ ಕರಾರಿಗೆ ಸಹಿ. ಅದರ ಜೊತೆಗೆ ಭದ್ರತೆಗೆ ಅಂತ ಸಹಿ ಮಾಡಿದ ಖಾಲಿ ಚೆಕ್‌ಗಳು. ತಾರೀಖಿಲ್ಲ, ಮೊತ್ತ ಇಲ್ಲ. ಮೇಜಿನ ಆ ಕಡೆ ಕೂತವರು ಒಂದೊಂದೇ ಹಾಳೆ ಮುಂದೆ ತಳ್ಳುತ್ತಾ, ಸಹಿ ಮಾತ್ರ ಹಾಕಿ, ಉಳಿದದ್ದು ಬಿಡಿ ಅನ್ನುತ್ತಿದ್ದರು. ಪಕ್ಕದಲ್ಲಿ ನನ್ನ ಹಾಗೇ ಬಂದಿದ್ದ ಬೇರೆ ಹುಡುಗರು, ಎಲ್ಲರೂ ಬೇಗ ಬೇಗ ಸಹಿ ಹಾಕುತ್ತಿದ್ದರು. ಆಮೇಲೆ ಶಿರಸಿಯ ವಕೀಲರೊಬ್ಬರಿಗೆ ತೋರಿಸಿದಾಗ ಅವರು ಹೇಳಿದ್ದು ಕೇಳಿ ಕೈ ತಣ್ಣಗಾಯಿತು. ಮನಸ್ಸಾರೆ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಪಡೆದವರು ತುಂಬಿ ಬ್ಯಾಂಕಿಗೆ ಹಾಕಿದರೂ, ಅದು ಬೌನ್ಸ್ ಆದರೆ ಸೆಕ್ಷನ್ 138ರ ಕೇಸು ನಡೆಯುತ್ತದೆ, ಸಾಲ ಇರಲಿಲ್ಲ ಅಂತ ನಾವೇ ಸಾಬೀತು ಮಾಡಬೇಕು. ಸುಪ್ರೀಂ ಕೋರ್ಟ್ 2019ರಲ್ಲೇ ಹೀಗೆ ತೀರ್ಪು ಕೊಟ್ಟಿದೆಯಂತೆ. ಆದ್ದರಿಂದ ಖಾಲಿ ಚೆಕ್ ಅಂತೂ ಯಾರಿಗೂ ಕೊಡಬೇಡಿ. ಮಾರ್ಕ್ಸ್ ಕಾರ್ಡ್, ಸರ್ಟಿಫಿಕೇಟಿನ ಮೂಲ ಪ್ರತಿಗಳನ್ನೂ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ.

ತರಬೇತಿ ಚೆನ್ನಾಗೇ ಆಯಿತು, ಅದರಲ್ಲಿ ದೂರು ಇಲ್ಲ. ಗ್ರೌಂಡ್ ಕ್ಲಾಸು, ಸಿಮ್ಯುಲೇಟರ್, ಸ್ಕಿಲ್ ಟೆಸ್ಟ್. ನಿಜವಾದ ಕೆಲಸ ಶುರುವಾಗುವುದು ಅದಾದ ಮೇಲೆ, ಪ್ರಯಾಣಿಕರಿರುವ ವಿಮಾನದಲ್ಲಿ ಟ್ರೈನಿಂಗ್ ಕ್ಯಾಪ್ಟನ್ ಜೊತೆ ಕೂತು ಹಾರಿ, ಕೊನೆಗೆ ರಿಲೀಸ್ ಆದಾಗ, ಅಂದರೆ ಟ್ರೈನಿಂಗ್ ಕ್ಯಾಪ್ಟನ್ ಇಲ್ಲದೆಯೂ ಹಾರಬಹುದು ಅಂತ ಒಪ್ಪಿಗೆ ಸಿಕ್ಕಾಗ. ಪ್ರಯಾಣಿಕರ ಜೊತೆಗಿನ ಈ ಹಾರಾಟ ಶುರುವಾಗುವವರೆಗೆ ಲಾಗ್‌ಬುಕ್‌ನಲ್ಲಿ ಎಟಿಆರ್ ಗಂಟೆಗಳು ಏರುವುದೇ ಇಲ್ಲ. ಆ ಲೈನ್ ಟ್ರೈನಿಂಗ್‌ಗೆ ನನ್ನನ್ನು ಕರೆಯಲೇ ಇಲ್ಲ. ಮುಂದಿನ ತಿಂಗಳು ಅಂದರು. ವಿಮಾನ ಲೀಸಿಗೆ ಬರುತ್ತಿದೆ, ಬಂದ ಕೂಡಲೇ ಅಂದರು. ಒಂದು ವಿಮಾನ ಬಿಡಿಭಾಗ ಇಲ್ಲದೆ ನಿಂತಿದೆ, ಅದು ಹಾರಲಿ ಅಂದರು. ದಿನಾ ಸಂಜೆ ಮನೆಗೆ ಫೋನ್ ಮಾಡಿದಾಗ ಅಪ್ಪಯ್ಯ ಕೇಳುತ್ತಿದ್ದುದು ಒಂದೇ ಮಾತು: "ತಮ್ಮಾ, ಡ್ಯೂಟಿ ಯಾವಾಗಿಂದ ಶುರು ಆಗ್ತು?" ಏನು ಹೇಳಲಿ?

ನಮಗೆ ಯಾರೂ ಹೇಳದೇ ಇದ್ದ ಸಂಗತಿ ಇದು: ಟೈಪ್ ರೇಟಿಂಗ್ ಒಮ್ಮೆ ಮಾಡಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ವಸ್ತು ಅಲ್ಲ. ಹಾರಾಟ ಇಲ್ಲದೇ ಹೋದರೆ ಅದರ ಚಾಲ್ತಿ ಮುಗಿಯುತ್ತದೆ. ಏರ್‌ಲೈನ್ ಪೈಲಟ್‌ಗಳಿಗೆ ವರ್ಷಕ್ಕೆ ಎರಡು ಸಲ ಸಿಮ್ಯುಲೇಟರ್‌ನಲ್ಲಿ ಪ್ರೊಫಿಷಿಯೆನ್ಸಿ ಚೆಕ್ (ಕೌಶಲದ ಪರೀಕ್ಷೆ) ಇರುತ್ತದೆ, ಕೆಲಸದಲ್ಲಿದ್ದವರಿಗೆ ಕಂಪನಿ ಮಾಡಿಸುತ್ತದೆ, ಕಾಯುತ್ತಾ ಕೂತವರು ಸ್ವಂತ ದುಡ್ಡಲ್ಲಿ ಮಾಡಿಸಬೇಕು. ನನ್ನದು ಹಾಗೇ ಮುಗಿಯಿತು. ಬೇರೆ ಕಡೆ ಅರ್ಜಿ ಹಾಕಿದರೆ, ಎಟಿಆರ್ ಮೇಲೆ ಎಷ್ಟು ಗಂಟೆ ಅಂತ ಕೇಳುತ್ತಾರೆ, ಸೊನ್ನೆ. ಬಾಂಡ್ ಇದೆಯಾ ಅಂತ ಕೇಳುತ್ತಾರೆ, ಇದೆ. ಕಂಪನಿಗೆ ಬಾಂಡ್ ಬಿಡಿಸಿ ಅಂತ ಬರೆದರೆ, ತರಬೇತಿ ವೆಚ್ಚ ಕಟ್ಟಿ ಅಂತ ಉತ್ತರ ಬರುತ್ತದೆ. ತರಬೇತಿ ವೆಚ್ಚ ಕಟ್ಟಿದ್ದೇ ನಾವು!

ಸಣ್ಣ ಕಂಪನಿಗಳು ಎಷ್ಟು ಬೇಗ ನಿಲ್ಲುತ್ತವೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಏರ್ ಪೆಗಾಸಸ್ 2015ರಲ್ಲಿ ಬೆಂಗಳೂರಿಂದ ಹುಬ್ಬಳ್ಳಿಗೆ ಎಟಿಆರ್ ಹಾರಿಸಲು ಶುರು ಮಾಡಿ 2016ರಲ್ಲೇ ನಿಂತಿತು. ಬೀದರ್, ಬಳ್ಳಾರಿ ಜಿಲ್ಲೆಯ ವಿದ್ಯಾನಗರದ ಕಡೆ ಹಾರುತ್ತಿದ್ದ ಟ್ರೂಜೆಟ್ 2022ರಲ್ಲಿ ನಿಂತಿತು. ದೊಡ್ಡವೂ ನಿಂತಿವೆ: ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಹೀಗೆ ಒಂದೊಂದು ನಿಂತಾಗಲೂ ಸಾವಿರಾರು ಗಂಟೆ ಹಾರಿಸಿದವರು ಕೆಲಸ ಹುಡುಕಿಕೊಂಡು ಬರುತ್ತಾರೆ, ಅವರ ಮುಂದೆ ಹೊಸಬರ ಅರ್ಜಿ ಕೆಳಗೆ ಹೋಗುತ್ತದೆ.

ಹಾಗಾದರೆ ನೋಡಬೇಕಾದ್ದು ಏನು? ಮೊದಲು ಕಂಪನಿಯ ಹತ್ತಿರ ಎಷ್ಟು ವಿಮಾನ ಇದೆ ಅಂತಲ್ಲ, ಎಷ್ಟು ಹಾರುತ್ತಿವೆ ಅಂತ ನೋಡಿ. ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ಆ ಕಂಪನಿಯ ವಿಮಾನಗಳ ನೋಂದಣಿ ಸಂಖ್ಯೆ ಹಾಕಿ ಒಂದು ವಾರ ಗಮನಿಸಿ. ಒಂದೇ ಜಾಗದಲ್ಲಿ ದಿನಗಟ್ಟಲೆ ನಿಂತಿರುವುದು ಅಲ್ಲೇ ಗೊತ್ತಾಗುತ್ತದೆ. ಡಿಜಿಸಿಎ ವೆಬ್‌ಸೈಟಿನಲ್ಲಿ ಪ್ರತಿ ತಿಂಗಳು ದೇಶದೊಳಗಿನ ವಿಮಾನ ಸಂಚಾರದ ವರದಿ ಬರುತ್ತದೆ. ಯಾವ ಕಂಪನಿ ಎಷ್ಟು ಪ್ರಯಾಣಿಕರನ್ನು ಸಾಗಿಸಿತು, ಎಷ್ಟು ಪರ್ಸೆಂಟ್ ಹಾರಾಟ ರದ್ದಾಯಿತು ಅಂತ ಅದರಲ್ಲಿದೆ. ಹಿಂದಿನ ತಿಂಗಳುಗಳದ್ದೂ ಸಿಗುತ್ತದೆ, ಹೋಲಿಸಿ ನೋಡಿ. ಆಮೇಲೆ, ನಿಮ್ಮ ಹಿಂದಿನ ಬ್ಯಾಚಿನಲ್ಲಿ ದುಡ್ಡು ಕಟ್ಟಿದವರು ಎಲ್ಲಿದ್ದಾರೆ ಕೇಳಿ. ಕನ್ಸಲ್ಟೆಂಟ್ ಕೊಡುವ ನಂಬರಿಗೆ ಬೇಡ, ನಿಮ್ಮ ಫ್ಲೈಯಿಂಗ್ ಸ್ಕೂಲಿನ ಸೀನಿಯರ್‌ಗಳ ಮೂಲಕ ಹುಡುಕಿ. ಆ ಬ್ಯಾಚಿನವರೇ ಇನ್ನೂ ರಿಲೀಸ್ ಆಗಿಲ್ಲ ಅಂದರೆ ನಿಮ್ಮ ಸರದಿ ಯಾವಾಗ, ಅಲ್ವಾ?

ಪತ್ರದಲ್ಲಿ ಕೇಳಬೇಕಾದ್ದು ಸ್ವಲ್ಪವೇ. ಲೈನ್ ಟ್ರೈನಿಂಗ್ ಶುರುವಾಗುವ ಕೊನೆಯ ತಾರೀಖು, ಸಂಬಳ ಶುರುವಾಗುವ ದಿನ, ಅಷ್ಟರೊಳಗೆ ಕರೆಯದಿದ್ದರೆ ದುಡ್ಡು ವಾಪಸ್, ಸಿಮ್ಯುಲೇಟರ್‌ನ ಪ್ರೊಫಿಷಿಯೆನ್ಸಿ ಚೆಕ್ ಖರ್ಚು ಯಾರದ್ದು, ಮತ್ತು ಕಂಪನಿ ಕರೆಯದೇ ಹೋದರೆ ಬಾಂಡ್ ತಾನಾಗಿಯೇ ರದ್ದು ಅನ್ನುವ ಸಾಲು. ಇವನ್ನು ಬರೆದು ಕೊಡಲು ಒಪ್ಪುವ ಕಂಪನಿ ಇದ್ದರೆ ಧೈರ್ಯವಾಗಿ ಹೋಗಿ. ಸಹಿಗೆ ಮೊದಲು ವಕೀಲರಿಗೆ ತೋರಿಸಿ, ಅವರ ಫೀಸು ಈ ಲಕ್ಷಗಳ ಮುಂದೆ ಏನೂ ಅಲ್ಲ.

ನಾನೀಗ ಬಾಂಡ್ ರದ್ದು ಮಾಡಿ, ಚೆಕ್ ವಾಪಸ್ ಕೊಡಿ ಅಂತ ವಕೀಲರ ಮೂಲಕ ನೋಟಿಸ್ ಕಳಿಸಿದ್ದೇನೆ. ಶಿರಸಿ, ಕುಮಟಾ, ಕಾರವಾರ ಕಡೆ ಯಾರ ಮನೆಯಲ್ಲಾದರೂ ಇಂಥ ಪತ್ರ ಬಂದಿದ್ದರೆ, ಹೆಸರು ಮುಚ್ಚಿ ಪುಟಗಳ ಫೋಟೊ ನನಗೆ ಮೆಸೇಜ್ ಮಾಡಿ, ಯಾವ ಸಾಲು ನೋಡಬೇಕು ಹೇಳುತ್ತೇನೆ. ದುಡ್ಡು ಕಟ್ಟುವುದಕ್ಕಿಂತ ಮೊದಲೇ ಕಳಿಸಿ.